ಬಯಲುಸೀಮೆಯಲ್ಲಿ ಐದು ದಿನ: ದರೋಜಿಯ ಬಂಡೆಗಳಿಂದ ರಾಣೆಬೆನ್ನೂರಿನ ಹುಲ್ಲಿನವರೆಗೆ

ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣ ಎಂದೊಡನೆ ಕಬಿನಿಯ ಹಿನ್ನೀರು, ಬಂಡೀಪುರದ ಹುಲಿ ಕಣ್ಣಮುಂದೆ ಬರುತ್ತವೆ. ತುಂಗಭದ್ರೆಯ ಆಚೀಚಿನ ಬಂಡೆಗುಡ್ಡ, ಕುರುಚಲು ಕಾಡು, ಹುಲ್ಲುಬಯಲುಗಳತ್ತ ಲೆನ್ಸ್ ತಿರುಗಿಸುವವರು ಕಡಿಮೆ. ಸರ್ಕಾರಿ ಕಾಗದದಲ್ಲಿ ಇಂಥ ನೆಲಕ್ಕೆ ಎಷ್ಟೋ ಕಡೆ ‘ಬಂಜರು’ ಅಂತಲೇ ಹೆಸರು. ಬಂಜರು ಅಂದಮೇಲೆ ಕಲ್ಲು ಕ್ವಾರಿಗೆ ಕೊಟ್ಟರೂ, ನೀಲಗಿರಿ ನೆಟ್ಟರೂ ತಕರಾರು ತೆಗೆಯುವವರು ಯಾರು? ಆದರೆ ಕರಡಿ, ನೀರುನಾಯಿ, ತೋಳ, ಕತ್ತೆಕಿರುಬಗಳ ಮನೆ ಇದೇ. ಅದಕ್ಕೇ ಇಲ್ಲಿ ತೆಗೆಯುವ ಚಿತ್ರಕ್ಕೆ ಪ್ರಾಣಿಯ ಮುಖವೊಂದೇ ಸಾಲದು, ಅದರ ಕಾಲಡಿಯ ನೆಲವೂ ಚೌಕಟ್ಟಿನೊಳಗೆ ಬರಬೇಕು.

ಪ್ರವಾಸಕ್ಕೆ ಜನವರಿ ಹೊಂದುತ್ತದೆ. ಬಿಸಿಲು ದಿನವಿಡೀ ಓರೆಯಾಗಿ ಬೀಳುತ್ತದೆ, ಹೊಳೆಯ ಬಂಡೆಗಳು ನೀರಿನಿಂದ ಮೇಲೆದ್ದಿರುತ್ತವೆ, ವಲಸೆ ಹಕ್ಕಿಗಳು ಇನ್ನೂ ಇಲ್ಲೇ ಇರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೇ ನೆಲದಿಂದ ಝಳ ಏಳತೊಡಗಿ, ಎಂಥ ಲೆನ್ಸಿದ್ದರೂ ಚಿತ್ರ ಕಲಸಿಹೋಗುತ್ತದೆ. ಮೊದಲ ಮೂರು ದಿನ ಹೊಸಪೇಟೆಯಲ್ಲಿ ಠಿಕಾಣಿ, ನಾಲ್ಕನೆಯ ದಿನ ರಾಣೆಬೆನ್ನೂರಿನತ್ತ ಪಯಣ.

ಸಾಮಾನು ಹೆಚ್ಚು ಬೇಡ. ಎರಡು ಕ್ಯಾಮೆರಾ ಬಾಡಿ, ಒಂದಕ್ಕೆ 150-600 ಅಥವಾ 200-600 ಎಂಎಂ ಜೂಮ್, ಇನ್ನೊಂದಕ್ಕೆ 70-200. ಎರಡು ಬಾಡಿ ಬೇಕಿರುವುದು ಧೂಳಿನ ಸಲುವಾಗಿ. ಈ ಸೀಮೆಯಲ್ಲಿ ಬಯಲಿನಲ್ಲಿ ನಿಂತು ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಅಂದೇ ಚುಕ್ಕೆ ಬೀಳುತ್ತದೆ. ಬದಲಿಸಲೇಬೇಕಾದರೆ ಕಾರಿನ ಗಾಜು ಏರಿಸಿ, ಫ್ಯಾನ್ ನಿಲ್ಲಿಸಿ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಮುಖವಾಗಿ ಹಿಡಿದು ಬದಲಿಸಬೇಕು. ರಾತ್ರಿ ಕೋಣೆಗೆ ಬಂದಮೇಲೆ ಬಿಳಿ ಗೋಡೆಯನ್ನು ಎಫ್ 16ರಲ್ಲಿ (ಲೆನ್ಸಿನ ಕಿಂಡಿ ಕಿರಿದಾಗಿಸಿ), ಫೋಕಸ್ ಕೆಡಿಸಿ ಒಂದು ಚಿತ್ರ ತೆಗೆದರೆ ಚುಕ್ಕೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಅದಕ್ಕೆ ರಬ್ಬರ್ ಬುರುಡೆಯ ಬ್ಲೋವರ್ ಸಾಕು, ಬಾಯಿಂದ ಊದಿದರೆ ಎಂಜಲು ಹಾರಿ ಕಲೆಯಾಗುತ್ತದೆ.

ಲೆನ್ಸಿಗೆ ಆಸರೆಯಾಗುವ ಬೀನ್ ಬ್ಯಾಗನ್ನು ಬೆಂಗಳೂರಿನಿಂದ ತುಂಬಿಸಿಕೊಂಡು ಹೊರುವುದು ಬೇಡ. ಖಾಲಿ ಚೀಲ ತಂದು ಹೊಸಪೇಟೆಯ ಕಿರಾಣಿ ಅಂಗಡಿಯಲ್ಲಿ ಎರಡೂವರೆ ಕಿಲೊ ಹುರುಳಿ ಕೊಂಡು ತುಂಬಿದರಾಯಿತು. ಹುರುಳಿ ಸಣ್ಣಗೆ, ನುಣ್ಣಗೆ ಇರುವುದರಿಂದ ಲೆನ್ಸಿನ ಭಾರಕ್ಕೆ ಚೆನ್ನಾಗಿ ಜರುಗಿ ಅದರ ಆಕಾರಕ್ಕೆ ಕೂರುತ್ತದೆ. ಅಕ್ಕಿ ತುಂಬಿದರೆ ಬಿಗಿದುಕೊಂಡು ಕಲ್ಲಿನಂತಾಗುತ್ತದೆ. ಚೀಲವನ್ನು ಮುಕ್ಕಾಲು ಮಾತ್ರ ತುಂಬಿ. ಪೂರ್ತಿ ತುಂಬಿದರೆ ಲೆನ್ಸ್ ಅದರ ಮೇಲೆ ಉರುಳುತ್ತದೆ.

ಮೊದಲ ದಿನ: ದರೋಜಿ

ಹಂಪಿಯಿಂದ ಹದಿನೈದು ಕಿ.ಮೀ. ಆಸುಪಾಸಿನಲ್ಲಿರುವ ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾದದ್ದು. ಈಗ ವಿಸ್ತೀರ್ಣ ಸುಮಾರು 82 ಚದರ ಕಿ.ಮೀ. ಗುಂಡುಗಲ್ಲುಗಳ ಗುಡ್ಡ, ನಡುವೆ ಗವಿಗಳು, ಸುತ್ತ ಬಾರೆ, ಕಕ್ಕೆ, ಜಾಲಿ. ಕರಡಿಗೆ ಹಗಲು ಮಲಗಲು ತಂಪಾದ ಗವಿ ಬೇಕು, ತಿನ್ನಲು ಗೆದ್ದಲು, ಇರುವೆ, ಜೇನು, ಹಣ್ಣು ಬೇಕು. ಎರಡೂ ಒಂದೇ ಕಡೆ ಸಿಗುವ ನೆಲ ಇದು. ಗ್ರಾನೈಟ್ ಕ್ವಾರಿ ಬಂದಲ್ಲಿ ಮೊದಲು ಹೋಗುವುದು ಆ ಗವಿ. ಗವಿ ಕಳೆದುಕೊಂಡ ಕರಡಿ ಹೊಲದಂಚಿನ ಪೊದೆಯಲ್ಲಿ ಮಲಗುತ್ತದೆ, ಮುಂಜಾನೆ ಹೊಲಕ್ಕೆ ಹೋದವರಿಗೆ ಎದುರಾಗುತ್ತದೆ. ಕರಡಿ ದಾಳಿಯ ಸುದ್ದಿಗಳಲ್ಲಿ ಕಾಣದೆ ಉಳಿಯುವ ಅರ್ಧ ಕಥೆ ಇದು.

ಪ್ರವಾಸಿಗಳಿಗೆ ಪ್ರವೇಶ ಮಧ್ಯಾಹ್ನದ ಮೇಲೆ. ನೋಡುವುದು ವೀಕ್ಷಣಾ ಗೋಪುರದಿಂದ, ಎದುರಿನ ಬಂಡೆಗುಡ್ಡದ ಕಡೆಗೆ. ಸಿಬ್ಬಂದಿ ಆ ಬಂಡೆಗಳಿಗೆ ಬೆಲ್ಲ-ಜೇನಿನ ಅಂಟುಪಾಕ ಸವರಿಡುವ ರೂಢಿಯಿದೆ. ಅದನ್ನು ನೆಕ್ಕಲು ಕರಡಿಗಳು ಇಳಿದು ಬರುತ್ತವೆ. ದೂರ ಹೆಚ್ಚು, 400 ಎಂಎಂ ಲೆನ್ಸಿನಲ್ಲಿ ಕರಡಿ ಚುಕ್ಕೆಯಾಗಿಯೇ ಉಳಿಯುತ್ತದೆ.

ಇಲ್ಲಿ ಎಲ್ಲರೂ ಎಡವುವುದು ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬ ಎಕ್ಸ್‌ಪೋಷರ್‌ನಲ್ಲಿ. ಕಪ್ಪು ಪ್ರಾಣಿ, ತಿಳಿ ಬೂದು ಬಣ್ಣದ ಬಂಡೆ, ಮೇಲೆ ಇಳಿಬಿಸಿಲು. ಪುಸ್ತಕದಲ್ಲಿ ಓದಿದ ಪ್ರಕಾರ ‘ಕಪ್ಪು ಪ್ರಾಣಿಗೆ ಮೈನಸ್’ ಅಂತ ಮಾಡಿದರೆ ಕರಡಿ ಮಸಿಯ ಮುದ್ದೆಯಾಗುತ್ತದೆ. ಆ ಮಾತು ಸರಿಹೋಗುವುದು ಕರಡಿ ಚೌಕಟ್ಟಿನ ತುಂಬ ಇದ್ದಾಗ ಮಾತ್ರ. ಇಲ್ಲಿ ಚೌಕಟ್ಟಿನ ತುಂಬ ಇರುವುದು ಬಂಡೆ, ಹಾಗಾಗಿ ಕ್ಯಾಮೆರಾದ ಬೆಳಕಿನ ಮೀಟರ್ ಓದುವುದೂ ಬಂಡೆಯನ್ನೇ. ಕರಡಿ ಬರುವ ಮೊದಲೇ ಮ್ಯಾನ್ಯುಯಲ್‌ಗೆ ಹಾಕಿ, ಬಂಡೆಯ ಅತಿ ಹೊಳಪಿನ ಭಾಗ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೊಗ್ರಾಮ್‌ನ ಬಲ ಅಂಚಿಗೆ ತಾಗದಂತೆ, ಆದರೆ ಅದಕ್ಕೆ ಹತ್ತಿರ ನಿಲ್ಲುವಂತೆ ಹೊಂದಿಸಿಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರ) ಇದ್ದರೆ ನೆರಳನ್ನು ಆಮೇಲೆ ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಎತ್ತಬಹುದು, ತುಪ್ಪಳದ ಎಳೆಗಳು ಹೊರಬರುತ್ತವೆ. ಬಂಡೆ ಬೆಳ್ಳಗೆ ಸುಟ್ಟುಹೋದರೆ ಮಾತ್ರ ಮತ್ತೆ ತರುವ ದಾರಿಯಿಲ್ಲ.

ನಾಲ್ಕು ಗಂಟೆಗೆ ಬಂದ ಕರಡಿಯ ಚಿತ್ರಗಳೆಲ್ಲ ಮೆತ್ತಗೆ ಕಂಡರೆ ಲೆನ್ಸನ್ನು ಬೈಯಬೇಡಿ. ದಿನವಿಡೀ ಕಾದ ಬಂಡೆಯ ಮೇಲಿನ ಗಾಳಿ ಕುದಿಯುತ್ತಿರುತ್ತದೆ, ಅದರ ಅಲೆ ಚಿತ್ರವನ್ನು ಅಲುಗಿಸುತ್ತದೆ. ಶಟರ್ ವೇಗ ಹೆಚ್ಚಿಸಿದರೂ ಇದು ಹೋಗುವುದಿಲ್ಲ, ಉದ್ದ ಲೆನ್ಸ್ ಹಾಕಿದರೆ ಅಲೆಯೂ ದೊಡ್ಡದಾಗಿಯೇ ಕಾಣುತ್ತದೆ. ಹತ್ತು-ಹದಿನೈದು ಚಿತ್ರಗಳ ಬರ್ಸ್ಟ್ ತೆಗೆದರೆ ಅಲೆ ತುಸು ನಿಂತ ಗಳಿಗೆಯ ಒಂದೆರಡು ಸಿಗುತ್ತವೆ. ಬೆಳಕು ಬಂಗಾರವಾಗುವ ಐದೂಕಾಲರ ಮೇಲೆ ಝಳವೂ ತಗ್ಗುತ್ತದೆ, ಅಲ್ಲಿಂದ ಸೂರ್ಯಾಸ್ತದವರೆಗಿನ ಮುಕ್ಕಾಲು ತಾಸಿಗೆ ಬ್ಯಾಟರಿ ತುಂಬಿಸಿ, ಕಾರ್ಡು ಖಾಲಿ ಇಟ್ಟುಕೊಂಡಿರಬೇಕು. ನಡೆಯುವ ಕರಡಿಗೆ 1/500 ಸೆಕೆಂಡಿನ ಶಟರ್ ಸಾಕು, ಮೈ ಕೊಡವುವ ಗಳಿಗೆಗೆ 1/1000. ಬೆಳಕು ತೀರ ಕುಗ್ಗಿದಾಗ ಎಫ್ 6.3ರಲ್ಲಿ ಸೆನ್ಸರಿನ ಸೂಕ್ಷ್ಮತೆ (ಐಎಸ್ಒ) 3200ಕ್ಕೆ ಏರಿಸಿದರೂ 1/200 ಸಿಕ್ಕರೆ ಹೆಚ್ಚು. ಆಗ ಗೋಪುರದಲ್ಲಿ ಒಬ್ಬರು ಹೆಜ್ಜೆ ಹಾಕಿದರೂ ಆ ಅದುರು ಚಿತ್ರದಲ್ಲಿ ಕಾಣುತ್ತದೆ. ಬೀನ್ ಬ್ಯಾಗನ್ನು ಕಟ್ಟೆಯ ಮೇಲಿಟ್ಟು, ಎಡಗೈಯನ್ನು ಲೆನ್ಸಿನ ಮೇಲೆ ಒತ್ತಿ ಹಿಡಿದು, ಉಳಿದವರನ್ನು ಐದು ನಿಮಿಷ ಅಲುಗದಿರಲು ಕೇಳಿಕೊಳ್ಳುವುದೇ ಉಪಾಯ.

ಕರಡಿಯ ಕಣ್ಣು ಕಪ್ಪು, ಮುಖ ಕಪ್ಪು. ಕಣ್ಣಲ್ಲಿ ಬೆಳಕಿನ ಒಂದು ಹನಿ ಇಲ್ಲದಿದ್ದರೆ ಮುಖವೇ ಇಲ್ಲದ ಚಿತ್ರವಾಗುತ್ತದೆ. ಅದು ತಲೆಯೆತ್ತಿ ಇಳಿಸೂರ್ಯನ ಕಡೆ ಮೂಗು ಹಿಡಿದು ಗಾಳಿ ಮೂಸುವ ಗಳಿಗೆಗೆ ಕಾಯಬೇಕು. ಬಂಡೆ ನೆಕ್ಕುವಾಗ ಗಮನಿಸಿ: ತುಟಿ ಮುಂದಕ್ಕೆ ಕೊಳವೆಯಂತೆ ಚಾಚುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಈ ಕರಡಿಗೆ ಇರುವುದೇ ಇಲ್ಲ. ಆ ಸಂದಿಯಿಂದಲೇ ಹುತ್ತದ ಗೆದ್ದಲನ್ನು ಉರ್ ಎಂದು ಹೀರುತ್ತದೆ, ಮಣ್ಣು ಒಳಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಮರಿಗಳಿದ್ದರೆ ತಾಯಿಯ ಬೆನ್ನ ಮೇಲೆ, ಉದ್ದ ಕೂದಲಲ್ಲಿ ಬೆರಳು ಹೂತು ಕುಳಿತಿರುತ್ತವೆ. ಅರವತ್ತು ಮೀಟರ್ ದೂರದಲ್ಲಿ 600 ಎಂಎಂ, ಎಫ್ 6.3ಕ್ಕೆ ಫೋಕಸ್ಸಿನ ಆಳ ಮೂರೂವರೆ ಮೀಟರ್ ಮೇಲಿರುವುದರಿಂದ ತಾಯಿ-ಮರಿ ಎರಡೂ ಸ್ಪಷ್ಟವಾಗಿಯೇ ಬರುತ್ತವೆ. ಎಫ್ 11ಕ್ಕೆ ಹೋಗಿ ಬೆಳಕು ಕಳೆದುಕೊಳ್ಳುವ ಅಗತ್ಯವಿಲ್ಲ.

ಜೂಮನ್ನು 600ರಲ್ಲೇ ಬಿಟ್ಟು ಕೂರಬೇಡಿ. ಒಮ್ಮೆ 70-200 ಎತ್ತಿಕೊಂಡು ಇಡೀ ಗುಡ್ಡ, ಅದರ ಮೂಲೆಯಲ್ಲಿ ಸಣ್ಣಗೆ ಕರಡಿ ಬರುವಂತೆ ತೆಗೆಯಿರಿ. ಕ್ವಾರಿ ಬಂದರೆ ಏನು ಹೋಗುತ್ತದೆ ಎಂಬುದನ್ನು ಹೇಳುವ ಚಿತ್ರ ಅದು. ಇನ್ನು ಶೀರ್ಷಿಕೆ ಬರೆಯುವಾಗ, ಕರಡಿ ಸವರಿಟ್ಟ ಪಾಕಕ್ಕೆ ಬಂದದ್ದು ಅಂತ ಒಂದು ಸಾಲು ಇರಲೇಬೇಕು. ಮುಚ್ಚಿಟ್ಟರೆ ನೋಡುವವರಿಗೆ ಕರಡಿಯ ನಡವಳಿಕೆಯ ಬಗ್ಗೆ ತಪ್ಪು ತಿಳಿವಳಿಕೆ ಕೊಟ್ಟಂತಾಗುತ್ತದೆ.

ಎರಡನೆಯ ದಿನ: ಹೊಳೆ, ಆಮೇಲೆ ಬಂಡೆ

ಸೂರ್ಯೋದಯ ಆರೂಮುಕ್ಕಾಲರ ಸುಮಾರಿಗೆ. ಆರಕ್ಕೆಲ್ಲ ಹೊಳೆದಂಡೆಯಲ್ಲಿ ಕುಳಿತಿರಬೇಕು. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಇಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ, ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ‘ಅಪಾಯಕ್ಕೆ ಈಡಾಗಬಲ್ಲ’ ಪ್ರಭೇದ. ಚರ್ಮದ ಮತ್ತು ಸಾಕುಪ್ರಾಣಿಯ ಕಳ್ಳ ವ್ಯಾಪಾರ ತಡೆಯಲು 2019ರಲ್ಲಿ ಇದನ್ನು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟಿಸ್) ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದರು. ಹೊಳೆಯಲ್ಲಿ ಅದಕ್ಕಿರುವ ಕಂಟಕ ಬೇರೆ: ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಬಲೆಯಲ್ಲಿ ಸಿಕ್ಕಿಕೊಳ್ಳುವುದು, ಮರಳು ತೆಗೆದು ದಂಡೆ ಕುಸಿಯುವುದು.

ನೀರುನಾಯಿಯನ್ನು ಹುಡುಕುತ್ತ ಅಲೆಯುವುದಕ್ಕಿಂತ ಅದರ ಹಿಕ್ಕೆ ಹುಡುಕುವುದು ಸುಲಭ. ಕುಟುಂಬವೊಂದು ಒಂದೇ ಬಂಡೆಯ ಮೇಲೆ ಮತ್ತೆ ಮತ್ತೆ ಮಲ ಹಾಕುತ್ತದೆ. ಹತ್ತಿರ ಹೋದರೆ ಕೊಳೆತ ಮೀನಿನ ವಾಸನೆ. ಕಡ್ಡಿಯಿಂದ ಕೆದಕಿದರೆ ಮೀನಿನ ಹುರುಪೆ, ಮುಳ್ಳು, ಏಡಿ ಚಿಪ್ಪಿನ ಚೂರು. ಹಸಿಯಾಗಿ, ಕಪ್ಪಾಗಿ ಹೊಳೆಯುತ್ತಿದ್ದರೆ ಆ ಬಂಡೆ ಬಳಕೆಯಲ್ಲಿದೆ ಎಂದರ್ಥ. ಒಣಗಿ ಬೂದಿಯಂತೆ ಉದುರಿದರೆ ಬೇರೆ ಜಾಗ ನೋಡಿ. ಬಂಡೆ ಸಿಕ್ಕಿತು ಅಂತ ಅದರ ಪಕ್ಕದಲ್ಲೇ ಕೂರಬಾರದು. ಅರವತ್ತು-ಎಪ್ಪತ್ತು ಮೀಟರ್ ದೂರ, ಗಾಳಿ ಅವುಗಳ ಕಡೆಯಿಂದ ನಮ್ಮ ಕಡೆಗೆ ಬೀಸುವಂತೆ, ಬೆನ್ನಿಗೆ ದೊಡ್ಡ ಗುಂಡು ಇರುವಂತೆ ಕೂತರೆ ಮನುಷ್ಯಾಕೃತಿ ಎದ್ದು ಕಾಣುವುದಿಲ್ಲ.

ಕಣ್ಣಿನ ಮಟ್ಟಕ್ಕೆ ಇಳಿದಷ್ಟೂ ಚಿತ್ರ ಚೆನ್ನ ಎಂಬುದು ನಿಜ. ಆದರೆ ಈ ಹೊಳೆಯಲ್ಲಿ ಮೊಸಳೆಗಳಿವೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ಒಣಗಿದ್ದ ಸೀಳು ಸ್ವಲ್ಪ ಹೊತ್ತಿನಲ್ಲೇ ತುಂಬಿ ವಾಪಸು ಬರುವ ದಾರಿ ಮುಚ್ಚಿಹೋಗುತ್ತದೆ. ನೀರಂಚಿನಿಂದ ನಾಲ್ಕೈದು ಮೀಟರ್ ಹಿಂದೆ, ತಗ್ಗಾದ ಬಂಡೆಯ ಮೇಲೆ ಬೋರಲು ಮಲಗಿದರೆ ಸಾಕಷ್ಟು ಕೆಳಕೋನ ಸಿಗುತ್ತದೆ. ಕುಳಿತ ಕೂಡಲೇ ಎದುರಿನ ಬಂಡೆಯ ಮೇಲೆ ನೀರಿನ ಗೆರೆ ಗುರುತು ಹಾಕಿಕೊಂಡು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿರಬೇಕು. ಏರಿದ್ದು ಕಂಡರೆ ಕ್ಯಾಮೆರಾ ಎತ್ತಿಕೊಂಡು ಹೊರಡುವುದೇ. ಹರಿಗೋಲಿನವರನ್ನು ಕರೆದು ಗುಂಪಿನ ಹಿಂದೆ ಬೀಳುವುದನ್ನು ಮಾತ್ರ ಮಾಡಬೇಡಿ. ತಲೆ ಎತ್ತರಿಸಿ, ಮೂಗಿನಿಂದ ಬುಸ್ ಎನ್ನುತ್ತ ನಮ್ಮನ್ನೇ ನೋಡುವ ನೀರುನಾಯಿಗಳ ಚಿತ್ರ ಬಹಳ ಜನ ಹಂಚಿಕೊಳ್ಳುತ್ತಾರೆ. ಅದು ಕುತೂಹಲ ಅಲ್ಲ, ಗಾಬರಿ.

ಮುಳುಗಿದ ನೀರುನಾಯಿ ಎಲ್ಲಿ ಏಳುತ್ತದೆ ಅಂತ ಹೇಳುವುದು ನೀರ ಮೇಲಿನ ಗುಳ್ಳೆಗಳ ಸಾಲು. ಅದರ ತುದಿಗೆ ಒಂದು ಮಾರು ಮುಂದೆ ಫೋಕಸ್ ಇಟ್ಟು ಕಾಯಬೇಕು. ಶಟರ್ 1/1250, ಮೌನ ಶಟರ್ ಇದ್ದರೆ ಅದನ್ನೇ ಬಳಸಿ. ಒದ್ದೆ ತುಪ್ಪಳದ ಮೇಲೆ ಎದುರು ಬೆಳಕು ಬಿದ್ದರೆ ಗಾಜಿನಂತೆ ಮಿಂಚಿ ಸುಟ್ಟುಹೋಗುವುದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ. ಪೋಲರೈಸರ್ ನೀರಿನ ಹೊಳಪು ತೆಗೆಯುತ್ತದೆ ನಿಜ, ಆದರೆ ಒಂದರಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಬೆಳಗಿನ ಮಂಕು ಬೆಳಕಿನಲ್ಲಿ ಅಷ್ಟು ಕಳೆದುಕೊಳ್ಳಲು ಆಗುವುದಿಲ್ಲ.

ಎಂಟೂವರೆಗೆ ಹೊಳೆ ಬಿಟ್ಟು ಬಂಡೆಗುಡ್ಡಕ್ಕೆ. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಇದೂ ಅಪಾಯಕ್ಕೆ ಈಡಾಗಬಲ್ಲ ಹಕ್ಕಿಯೇ. ಹಂಪಿಗೆ ಬಂದ ಪ್ರವಾಸಿಗರು ಅದು ಹಾಡುವ ಗುಂಡಿನ ಕೆಳಗೇ ನಿಂತು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಒಂಬತ್ತರ ಬಿಸಿಲು ಬೇರೆ ಕಡೆ ಗಡುಸಾಗಿದ್ದರೂ ಇಲ್ಲಿ ಒಂದು ಲಾಭ ಇದೆ: ಬಂಡೆಯೇ ಬೆಳಕನ್ನು ಕೆಳಗಿನಿಂದ ಎತ್ತಿ ಹಕ್ಕಿಯ ಎದೆಗೆ ಹಾಕುತ್ತದೆ. ಹತ್ತು ಮೀಟರಿನಲ್ಲಿ 600 ಎಂಎಂ, ಎಫ್ 6.3ಕ್ಕೆ ಫೋಕಸ್ಸಿನ ಆಳ ಹತ್ತು ಸೆಂಟಿಮೀಟರ್ ಮಾತ್ರ, ಹಕ್ಕಿಯ ಉದ್ದ ಇಪ್ಪತ್ತು. ಹಾಗಾಗಿ ಪಕ್ಕಕ್ಕೆ ತಿರುಗಿ ನಿಂತಾಗ ಕ್ಲಿಕ್ಕಿಸಿ, ಇಲ್ಲವಾದರೆ ಎಫ್ 9. ಹಳದಿ ಕೊರಳು ಸುಟ್ಟಿದೆಯೇ ಎಂಬುದು ಸಾಮಾನ್ಯ ಹಿಸ್ಟೊಗ್ರಾಮ್‌ನಲ್ಲಿ ತಿಳಿಯುವುದಿಲ್ಲ. ಮೂರು ಬಣ್ಣಗಳ ಹಿಸ್ಟೊಗ್ರಾಮ್ ತೆರೆದು ಕೆಂಪಿನ ಗೆರೆ ಬಲಗೋಡೆಗೆ ಅಂಟಿದೆಯೇ ನೋಡಬೇಕು. ಅಂಟಿದ್ದರೆ ಗರಿಯ ಎಳೆಗಳು ಹೋದವು, ಅಲ್ಲಿ ಉಳಿಯುವುದು ಬರೀ ಹಳದಿ ಬಣ್ಣದ ತೇಪೆ.

ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವುದು ಸುಲಭ, ಅದಕ್ಕೇ ಎಲ್ಲರೂ ಮಾಡುತ್ತಾರೆ. ಹಕ್ಕಿಗೆ ಅದು ತನ್ನ ಗಡಿಗೆ ನುಗ್ಗಿದ ವೈರಿಯ ದನಿ. ಮೇಯುವುದು ಬಿಟ್ಟು ಜಗಳಕ್ಕೆ ಬರುತ್ತದೆ, ಗೂಡಿದ್ದರೆ ಗೂಡು ಬಿಟ್ಟು ಬರುತ್ತದೆ. ಇನ್ನು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ಗೆ ಕೊಡುವ ಅರ್ಥದಲ್ಲಿ ಹಕ್ಕಿಯ ಗೂಡು-ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ. ಬಂದೂಕೇ ಬೇಕೆಂದಿಲ್ಲ.

ಮೂರನೆಯ ದಿನ: ತೋಳದ ಸೀಮೆ

ಕೊಪ್ಪಳ ಜಿಲ್ಲೆಯ ಹುಲ್ಲುಬಯಲು, ಕುರಿಹಟ್ಟಿಗಳ ಸೀಮೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮ ಘೋಷಣೆಯಾಗಿದೆ. ಆದರೆ ತೋಳ ಧಾಮದ ಬೇಲಿ ನೋಡಿ ಓಡಾಡುವ ಪ್ರಾಣಿ ಅಲ್ಲ. ಹೊಲ, ಗೋಮಾಳ, ಹಳ್ಳದ ದಂಡೆ, ಕುರಿಹಿಂಡಿನ ಹಿಂದಿನ ದಾರಿ ಎಲ್ಲವೂ ಅದರದೇ. ಹುಲಿಗೆ ಇರುವಂತೆ ಇದಕ್ಕೂ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ, ಅಂದರೆ ಅತಿ ಹೆಚ್ಚಿನ ರಕ್ಷಣೆ ಇದೆ, ಆದರೆ ಹುಲಿಗಿರುವ ಕಾಡು ಇಲ್ಲ. ಬಯಲಿನ ತುಂಬ ಗಾಳಿಯಂತ್ರ, ಸೌರಫಲಕ, ಅವುಗಳ ರಸ್ತೆ. ಬೀದಿನಾಯಿಗಳಿಂದ ಬರುವ ಡಿಸ್ಟೆಂಪರ್, ಹುಚ್ಚುರೋಗ ಬೇರೆ.

ಮೊದಲು ಒಂದು ಖಡಾಖಂಡಿತ ಮಾತು. ಜನವರಿ ತೋಳ ಮರಿ ಹಾಕಿರುವ ಕಾಲ. ಬಿಲದ ಹತ್ತಿರಕ್ಕೆ ಹೋಗುವುದೇ ಬೇಡ. ಮನುಷ್ಯರ ಸುಳಿವು ಹತ್ತಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ. ಆ ದಾರಿಯಲ್ಲಿ ನಾಯಿಗೋ ಬಿಸಿಲಿಗೋ ಮರಿ ಸಾಯುತ್ತದೆ. ಬಿಲ ತೋರಿಸಿದ ಕುರಿಗಾಹಿಗೆ ದುಡ್ಡು ಕೊಡುವುದಂತೂ ಇನ್ನೂ ಕೆಟ್ಟದ್ದು. ಇವತ್ತು ಐನೂರು ಕೊಟ್ಟರೆ ನಾಳೆ ನಾಲ್ಕು ಕಾರು ಬರುತ್ತವೆ.

ಕಾರೇ ಇಲ್ಲಿ ಮರೆಮನೆ. ಟಾರು ಅಥವಾ ಬಂಡಿದಾರಿಯಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿಗೆ ಬೀನ್ ಬ್ಯಾಗ್ ಹಾಕಿ ಕೂತರೆ ತೋಳ ನೂರು-ನೂರೈವತ್ತು ಮೀಟರಿನಲ್ಲಿ ತನ್ನ ಪಾಡಿಗೆ ಹಾದುಹೋಗುತ್ತದೆ. ಬಾಗಿಲು ತೆರೆದು ಇಳಿದ ಕ್ಷಣ ಓಟ. ಎಸಿ ಹಾಕಿಕೊಂಡು ಬಂದು ಹಾಗೇ ಗಾಜಿಳಿಸಿ ಚಿತ್ರ ತೆಗೆದರೆ ಎಲ್ಲವೂ ಮಸುಕಾಗುತ್ತವೆ: ಒಳಗಿನ ತಂಪು ಗಾಳಿ, ಹೊರಗಿನ ಬಿಸಿ ಗಾಳಿ ಕಿಟಕಿಯಲ್ಲೇ ಕಲೆತು ಲೆನ್ಸಿನ ಮುಂದೆ ಅಲೆ ಏಳುತ್ತದೆ. ಹದಿನೈದು ನಿಮಿಷ ಮೊದಲೇ ಎಸಿ ನಿಲ್ಲಿಸಿ ಎಲ್ಲ ಗಾಜು ಇಳಿಸಿಡಬೇಕು. ಬಾನೆಟ್ಟಿನ ಮೇಲಿಂದ ತೆಗೆದರೂ ಇದೇ ಪಾಡು.

ತೋಳದ ಮೈಬಣ್ಣ ಒಣಹುಲ್ಲಿನದೇ ಬಣ್ಣ. ಆಟೊಫೋಕಸ್ಸಿನ ಅಗಲ ವಲಯ ಇಟ್ಟರೆ ಕ್ಯಾಮೆರಾ ಮುಂದಿನ ಹುಲ್ಲುಗರಿಯನ್ನೋ ಹಿಂದಿನ ಬದುವನ್ನೋ ಹಿಡಿಯುತ್ತದೆ. ಪರದೆಯಲ್ಲಿ ಸರಿಯಾಗಿ ಕಂಡದ್ದು ಕೋಣೆಯಲ್ಲಿ ನೋಡಿದಾಗ ಹುಲ್ಲು ಸ್ಪಷ್ಟ, ತೋಳ ಮಬ್ಬು. ಒಂದೇ ಸಣ್ಣ ಬಿಂದು ಇಟ್ಟು ಭುಜದ ಮೇಲೆ ಹಿಡಿಯಿರಿ. ಫೋಕಸ್ಸನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಗುಂಡಿಗೆ ಕೊಟ್ಟಿದ್ದರೆ, ಹುಲ್ಲು ಅಡ್ಡ ಬಂದಾಗ ಹೆಬ್ಬೆರಳು ಎತ್ತಿದರೆ ಸಾಕು, ಫೋಕಸ್ ಅಲ್ಲೇ ನಿಲ್ಲುತ್ತದೆ. ಓಡುವ ತೋಳಕ್ಕೆ 1/1600.

ನೂರು ಮೀಟರಿನ ತೋಳವನ್ನು ಎಳೆದು ಎಳೆದು ಕತ್ತರಿಸಿ ಮುಖ ಮಾಡುವುದಕ್ಕಿಂತ, 200 ಎಂಎಂನಲ್ಲಿ ಬಯಲು, ಹಿಂಡು, ಕಂಬಳಿ ಹೊದ್ದ ಕುರಿಗಾಹಿ, ಬದುವಿನ ಆಚೆ ನಿಂತ ತೋಳ ಇಷ್ಟೂ ಬರುವ ಒಂದು ಚಿತ್ರ ಸಿಕ್ಕರೆ ಅದರ ಬೆಲೆಯೇ ಬೇರೆ. ಕುರಿಗಾಹಿಯನ್ನು ಕೇಳಿಯೇ ತೆಗೆಯಬೇಕು, ಆಮೇಲೆ ಚಿತ್ರ ತೋರಿಸಬೇಕು. “ಯಣ್ಣಾ, ಮರಿ ಹೋತನು ಈ ವಾರ?” ಅಂತ ಕೇಳಿದರೆ ಅವರು ಹೇಳುವ ಲೆಕ್ಕವನ್ನೂ ಬರೆದುಕೊಳ್ಳಿ. ಕುರಿ ಕಳೆದುಕೊಂಡವರ ನಷ್ಟ ಕಾಣದ ತೋಳದ ಚಿತ್ರ ಆ ಊರಿನಲ್ಲಿ ಯಾರ ಮನಸ್ಸಿಗೂ ಇಳಿಯುವುದಿಲ್ಲ. ಪೇಟೆಯವರಿಗೆ ತೋಳ ಚೆಂದ, ಹಟ್ಟಿಯವರಿಗೆ ಅದು ಖರ್ಚು. ಇಬ್ಬರಿಗೂ ಒಂದೇ ಚಿತ್ರ ತೋರಿಸಬಹುದಾದರೆ ಅದೇ ಒಳ್ಳೆಯ ಚಿತ್ರ.

ಸಂಜೆ ಕೋಣೆಯಲ್ಲಿ ಕೂತು ಫೈಲುಗಳಿಂದ ಜಾಗದ ಗುರುತು ತೆಗೆಯುವ ಕೆಲಸ. ಕ್ಯಾಮೆರಾದಲ್ಲಿ ಜಿಪಿಎಸ್ ಆಫ್ ಇದ್ದರೂ, ಬ್ರಾಂಡಿನ ಮೊಬೈಲ್ ಆ್ಯಪ್ ಜೋಡಿಸಿಟ್ಟಿದ್ದರೆ ಅದೇ ಜಾಗವನ್ನು ತುಂಬಿಬಿಡುತ್ತದೆ. ಲೈಟ್‌ರೂಮ್‌ನಲ್ಲಿ ರಫ್ತು ಮಾಡುವಾಗ ಸ್ಥಳ ಮಾಹಿತಿ ತೆಗೆಯುವ ಆಯ್ಕೆ ಇದೆ. ಎಲ್ಲರೂ ಮರೆಯುವುದು ಮೊಬೈಲಿನಲ್ಲಿ ಸುಮ್ಮನೆ ತೆಗೆದ ಚಿತ್ರಗಳನ್ನು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ. ‘ಕ್ಲಿಯರ್ ಬರಲಿ’ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷಾಂಶ-ರೇಖಾಂಶ ಸಮೇತ ಹೋಗುತ್ತದೆ. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ತಾನೇ ಮಸುಕು ಮಾಡುತ್ತದೆ, ಹಾಗಾಗಿ ದಾಖಲೆ ಅಲ್ಲಿ ಹಾಕಬಹುದು. ಹಿನ್ನೆಲೆಯ ಗುಡ್ಡದ ಆಕಾರ, ಗಾಳಿಯಂತ್ರದ ಮೇಲಿನ ನಂಬರ್ ಕಂಡರೂ ಜಾಗ ಗೊತ್ತಾಗುತ್ತದೆ ಎಂಬುದು ನೆನಪಿರಲಿ. ತೋಳದ ಚಿತ್ರಕ್ಕೆ ತಾಲ್ಲೂಕಿನ ಹೆಸರೂ ಬೇಡ, ಜಿಲ್ಲೆ ಸಾಕು, ಅದನ್ನೂ ಮರಿಗಳ ಕಾಲ ಮುಗಿದ ಮೇಲೆ ಹಾಕಿ.

ನಾಲ್ಕನೆಯ ದಿನ: ಅಂಕಸಮುದ್ರ

ರಾಣೆಬೆನ್ನೂರಿನ ದಾರಿಯಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಬೆಳಗಿನ ಎರಡು ತಾಸು. ನೀರಲ್ಲಿ ನಿಂತ ಜಾಲಿಮರಗಳ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ, ನೀರುಕಾಗೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳ ಜೊತೆ ಇದೂ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಎನಿಸಿಕೊಂಡಿತು.

ಹಾರುವ ಹಕ್ಕಿ ಕಲಿಯಲು ಇದಕ್ಕಿಂತ ಒಳ್ಳೆಯ ಕೆರೆ ಸಿಗುವುದು ಕಷ್ಟ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಬೆನ್ನಿಗೆ ಸೂರ್ಯ, ಬೆನ್ನಿಗೇ ಗಾಳಿ ಇರುವ ಏರಿಯ ತುದಿ ಹುಡುಕಿದರೆ ಅವು ನಮ್ಮ ಕಡೆಗೇ ಮುಖ ಮಾಡಿ ಇಳಿಯುತ್ತವೆ. ಎಕ್ಸ್‌ಪೋಷರ್ ಮ್ಯಾನ್ಯುಯಲ್: ನಿಚ್ಚಳ ಬಿಸಿಲಿಗೆ ಐಎಸ್ಒ 400, ಎಫ್ 8, 1/2000. ಆಟೊ ಬಿಟ್ಟರೆ ಹಕ್ಕಿ ಮರದ ಮುಂದಿನಿಂದ ಆಕಾಶಕ್ಕೆ ಏರುತ್ತಿದ್ದಂತೆ ಮೀಟರ್ ಮನಸ್ಸು ಬದಲಿಸಿ, ಒಮ್ಮೆ ಬಿಳಿ ಗರಿ ಸುಡುತ್ತದೆ, ಒಮ್ಮೆ ಹಕ್ಕಿ ಕಪ್ಪಾಗುತ್ತದೆ. ಹೊಳೆಯಲ್ಲಿ ಉಪಯೋಗಕ್ಕೆ ಬಂದ ಮೌನ ಶಟರನ್ನು ಇಲ್ಲಿ ತೆಗೆಯಿರಿ, ಸೆನ್ಸರ್ ಸಾಲುಸಾಲಾಗಿ ಓದುವಷ್ಟರಲ್ಲಿ ರೆಕ್ಕೆ ಸರಿದು, ಚಿತ್ರದಲ್ಲಿ ಸೊಟ್ಟಗೆ ಬರುತ್ತದೆ. ಹತ್ತು ಗಂಟೆಗೆ ಹೊರಟು, ಹರಪನಹಳ್ಳಿ-ಹರಿಹರದ ಮೇಲೆ ರಾಣೆಬೆನ್ನೂರು. ದಾರಿಯಲ್ಲಿ ಮಂಡಕ್ಕಿ-ಮಿರ್ಚಿ ಎಲ್ಲಿ ನಿಂತರೂ ಸಿಗುತ್ತದೆ.

ಐದನೆಯ ದಿನ: ಕೃಷ್ಣಮೃಗ ಮತ್ತು ನೀಲಗಿರಿ

ರಾಣೆಬೆನ್ನೂರು ಕೃಷ್ಣಮೃಗ ಧಾಮ 119 ಚದರ ಕಿ.ಮೀ., ಘೋಷಣೆ 1974ರಲ್ಲಿ. ಆಗ ಇಲ್ಲಿ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕೂಡ ಇತ್ತು. ಈಗ ನೋಡಿದರೆ ಬಹುಪಾಲು ನೀಲಗಿರಿ ನೆಡುತೋಪು. ಹುಲ್ಲುಬಯಲಿನ ಹಕ್ಕಿಗೆ ನಾಲ್ಕೂ ದಿಕ್ಕು ತೆರೆದಿರಬೇಕು. ಮರ ಏಳುತ್ತಿದ್ದಂತೆ ಅದು ಜಾಗ ಬಿಟ್ಟಿತು. ಮರ ನೆಡುವುದೆಲ್ಲ ಪರಿಸರ ಸೇವೆ ಎಂದು ನಂಬಿದವರಿಗೆ ಈ ತೋಪನ್ನು ಒಮ್ಮೆ ತೋರಿಸಬೇಕು.

ಎರೆಭೂತ ಇಂದು ಭಾರತದಲ್ಲಿ ನೂರೈವತ್ತಕ್ಕಿಂತ ಕಡಿಮೆ ಉಳಿದಿದೆ ಎಂಬ ಅಂದಾಜಿದೆ. ಕರ್ನಾಟಕದಲ್ಲಿ ಅದರ ನೆಲೆ ಅಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಮುಂದಿನ ನೋಟ ಕಿರಿದಾದ್ದರಿಂದ ಹಾರುವಾಗ ಎದುರಿನ ವಿದ್ಯುತ್ ತಂತಿ ಕಾಣುವುದಿಲ್ಲ, ಮೈ ಭಾರ, ಥಟ್ಟನೆ ತಿರುಗಲಾರದು. ಈ ಪ್ರವಾಸದಲ್ಲಿ ಸಿರುಗುಪ್ಪ ಇಲ್ಲದಿರುವುದು ಬೇಕೆಂದೇ. ಅಷ್ಟು ಕಡಿಮೆ ಉಳಿದ ಹಕ್ಕಿಯನ್ನು ಒಂದು ಚಿತ್ರಕ್ಕಾಗಿ ಮೇವಿನಿಂದ ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ.

ಕೃಷ್ಣಮೃಗದ ಕಥೆ ಅಷ್ಟು ಕಷ್ಟದ್ದಲ್ಲ. ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಆದರೆ ಐಯುಸಿಎನ್ ಲೆಕ್ಕದಲ್ಲಿ ಈಗ ಕಡಿಮೆ ಕಾಳಜಿಯ ಪಟ್ಟಿ. ಇದನ್ನೂ ಹಾಗೆಯೇ ಬರೆಯಬೇಕು. ಕಂಡದ್ದಕ್ಕೆಲ್ಲ ‘ಅಳಿವಿನಂಚಿನಲ್ಲಿ’ ಎಂದು ಬರೆದರೆ ನಿಜವಾಗಿ ಅಂಚಿನಲ್ಲಿರುವುದರ ಮಾತು ಕೇಳುವವರಿರುವುದಿಲ್ಲ.

ಏಳು ಗಂಟೆಯ ಎದುರುಬಿಸಿಲು ಇಲ್ಲಿಯ ಬಂಡವಾಳ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಅಚ್ಚ ಬಿಳಿ. ನೇರ ಬಿಸಿಲಿನಲ್ಲಿ ಎರಡನ್ನೂ ಹಿಡಿಯಲು ಹೋದರೆ ಒಂದು ಕೈಬಿಡುತ್ತದೆ. ಸೂರ್ಯ ಅದರ ಹಿಂದೆ ಬರುವಂತೆ ನಿಂತರೆ ಹೊಟ್ಟೆ ನೆರಳಿಗೆ ಬಂದು, ಕೊಂಬಿನ ತಿರುಪು ಮತ್ತು ಬೆನ್ನಿನ ಗೆರೆ ಬೆಳಕಿನ ದಾರದಂತೆ ಏಳುತ್ತವೆ. ಒಂದು ಸ್ಟಾಪ್ ಇಳಿಸಿ, ಹುಡ್ ಹಾಕಿ, ಲೆನ್ಸಿನ ಮುಂಗಾಜು ಒರೆಸಿ. ಎದುರುಬಿಸಿಲಿನಲ್ಲಿ ಗಾಜಿನ ಮೇಲಿನ ಧೂಳೆಲ್ಲ ಮಂಜಾಗಿ ಕಾಣುತ್ತದೆ.

ಹಿಂಡಿನ ಕಡೆಗೆ ನೇರ ಕಾರು ಓಡಿಸಿದರೆ ಅವು ಓಡುತ್ತವೆ, ಓಟದ ಚಿತ್ರ ಸಿಕ್ಕಿತು ಅಂತ ಹಿಗ್ಗುವವರೂ ಇದ್ದಾರೆ. ಹಿಂಡು ತಾನಾಗಿ ದಾರಿ ದಾಟುವ ಜಾಗದಲ್ಲಿ ಕಾದರೆ ಅದೇ ಓಟ ಯಾರನ್ನೂ ಬೆದರಿಸದೆ ಸಿಗುತ್ತದೆ. ಜಿಗಿತಕ್ಕೆ 1/2000. ಹುಲ್ಲು ಗೆರೆಗೆರೆಯಾಗಿ ಹರಿದು ಮುಖ ಮಾತ್ರ ನಿಲ್ಲಬೇಕೆಂದರೆ 1/40, ಅಲುಗಾಟ ತಡೆಯುವ ಸ್ಥಿರಕವನ್ನು ಅಡ್ಡ ಚಲನೆಯ ಮೋಡ್‌ಗೆ ಹಾಕಿ, ಪಾದ ಪ್ರಾಣಿ ಬಂದು ಸೇರುವ ಕಡೆಗೆ ತಿರುಗಿಸಿಟ್ಟು, ಸೊಂಟದಿಂದ ಮೈ ತಿರುಗಿಸುತ್ತ ಹಿಂಬಾಲಿಸಬೇಕು. ಗುಂಡಿ ಒತ್ತಿದ ಮೇಲೂ ತಿರುಗುವುದು ನಿಲ್ಲಬಾರದು. ಐವತ್ತಕ್ಕೆ ಎರಡು ಸರಿ ಬಂದರೂ ಲಾಭವೇ. ಒಂಬತ್ತೂವರೆಗೆ ನೆಲ ಕಾಯುತ್ತದೆ, ಅಲ್ಲಿಗೆ ಮುಗಿಯಿತು.

ಕೊನೆಗೆ, 70-200ರಲ್ಲಿ ಹಿಂಡು ಮುಂದೆ, ನೀಲಗಿರಿಯ ಸಾಲು ಹಿಂದೆ ಬರುವಂತೆ ಒಂದು ಚಿತ್ರ. ಎಫ್ 11 ಇಟ್ಟರೆ ತೋಪಿನ ಕಾಂಡಗಳೂ ಎಣಿಸುವಷ್ಟು ಸ್ಪಷ್ಟವಾಗುತ್ತವೆ.

ಊರಿಗೆ ಮರಳುವ ಮೊದಲು ಹನ್ನೆರಡು ಚಿತ್ರ ಆರಿಸಿ, ಹೊಸಪೇಟೆ, ಕೊಪ್ಪಳ, ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಶಾಲೆಗಳಿಗೆ 12×18 ಅಂಗುಲದ ಪ್ರಿಂಟ್ ಹಾಕಿಸುವ ಲೆಕ್ಕ ಇಟ್ಟುಕೊಳ್ಳಿ. ಅಷ್ಟಕ್ಕೆ ಕನಿಷ್ಠ 3600×2400 ಪಿಕ್ಸೆಲ್ ಬೇಕು, ಅತಿಯಾಗಿ ಕತ್ತರಿಸಿದ ಚಿತ್ರ ಇದಕ್ಕೆ ಆಗುವುದಿಲ್ಲ. ಪರದೆಗಿಂತ ಕಾಗದದಲ್ಲಿ ಕಪ್ಪಾಗಿ ಬರುವುದರಿಂದ ಮೂರನೇ ಒಂದು ಸ್ಟಾಪ್ ಬೆಳಕು ಏರಿಸಿ ಕೊಡಿ, ಕರಡಿಯ ಚಿತ್ರಕ್ಕೆ ಅರ್ಧ ಸ್ಟಾಪ್. ಹೊಳಪಿನ ಕಾಗದ ಬೇಡ, ಶಾಲೆಯ ಟ್ಯೂಬ್‌ಲೈಟ್ ಅದರಲ್ಲಿ ಪ್ರತಿಫಲಿಸಿ ಚಿತ್ರವೇ ಕಾಣುವುದಿಲ್ಲ; ಮ್ಯಾಟ್ ಇರಲಿ. ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ ಆ ಊರಿನವರು ಕರೆಯುವ ಹೆಸರು, ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂಬ ಎರಡು ಸಾಲು. ಗೋಡೆಗೆ ತೂಗುಹಾಕುವಾಗ ಮೂರನೆಯ ತರಗತಿಯ ಮಕ್ಕಳ ಕಣ್ಣಿನ ಎತ್ತರ ನೋಡಿ ಮೊಳೆ ಹೊಡೆಯಿರಿ, ನೆಲದಿಂದ ಸುಮಾರು ನಾಲ್ಕು ಅಡಿ.